ಬೂಷ್ಟಿನ ಚರಿತ್ರೆಯಲ್ಲಿ ಬೆಂಗಳೂರಿನ ಒಂದು ಅಧ್ಯಾಯ

ಶಿಲೀಂಧ್ರ ಎಂಬ ಮಾತನ್ನು ಇಂದು ನಾವು ಪಠ್ಯಪುಸ್ತಕದ ಗಡಸು ಪದಗಳ ಸಾಲಿಗೆ ಸೇರಿಸಿಬಿಟ್ಟಿದ್ದೇವೆ. ಮೂಲದಲ್ಲಿ ಅದು ಕವಿಗಳ ಸೊತ್ತು. ಕಾಳಿದಾಸನ ಮೇಘದೂತದಲ್ಲಿ ಮೋಡದ ಗುಡುಗಿಗೆ ನೆಲದಿಂದ ಶಿಲೀಂಧ್ರಗಳು ತಲೆಯೆತ್ತುತ್ತವೆ. ವ್ಯಾಖ್ಯಾನಕಾರರಲ್ಲಿ ಕೆಲವರು ಅದನ್ನು ಕಂದಲಿಯೆಂದು ಅರ್ಥಮಾಡಿದ್ದುಂಟು. ಅಣಬೆಯೆಂದು ಓದಿಕೊಂಡರೂ ರಸಕ್ಕೆ ಕೊರತೆಯಿಲ್ಲ. ಮುಂಗಾರಿನ ಮೊದಲ ಗುಡುಗಿನ ಮರುದಿನ ಹುತ್ತದ ಮಗ್ಗುಲಲ್ಲಿ ಅಣಬೆ ಹುಡುಕಿ ಹೊರಡುವ ನಮ್ಮ ಹಳ್ಳಿಯ ಮಕ್ಕಳಿಗೆ ಈ ಸಂಗತಿ ಕಾಳಿದಾಸನಿಂದ ತಿಳಿಯಬೇಕಾದದ್ದೇನೂ ಅಲ್ಲ.

ಕನ್ನಡದ ಒಕ್ಕಲಿಗ ಈ ಕುಲದ ಜೀವಿಗಳಿಗೆ ಎಷ್ಟೊಂದು ಹೆಸರುಗಳನ್ನು ಇಟ್ಟಿದ್ದಾನೆ! ರೊಟ್ಟಿಯ ಮೇಲೆ ಬಂದರೆ ಬೂಷ್ಟು, ಜೋಳದ ತೆನೆಗೆ ಬಂದರೆ ಕಾಡಿಗೆ, ಗೋಧಿಯ ಎಲೆಗೆ ಬಂದರೆ ತುಕ್ಕು, ಮನುಷ್ಯನ ಚರ್ಮಕ್ಕೆ ಬಂದರೆ ಹುಳುಕಡ್ಡಿ. ಅಡಕೆಗೂ ಕಾಫಿಗೂ ಬಂದರೆ ಕೊಳೆರೋಗ. ಈ ಕಡೆಯ ಮಾತಿಗೆ ಒಂದು ವಿಶೇಷ ಗೌರವ ಸಂದಿದೆ. 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ವಿದ್ವಾಂಸ ಕಾಫಿಯ ರೋಗಕ್ಕೆ ಕಾರಣವಾದ ಶಿಲೀಂಧ್ರಕ್ಕೆ ಲ್ಯಾಟಿನ್ ನಾಮಕರಣ ಮಾಡುವಾಗ ಅದನ್ನು 'ಪೆಲ್ಲಿಕ್ಯುಲೇರಿಯ ಕೊಳೆರೋಗ' ಎಂದೇ ಕರೆದ. ಅಡಕೆಯ ಕೊಳೆರೋಗವನ್ನು 1910ರ ಸುಮಾರಿಗೆ ಶಾಸ್ತ್ರೀಯವಾಗಿ ಪರಿಶೀಲಿಸಿ, ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಸಿಂಪಡಿಸುವ ವಿಧಾನವನ್ನು ಮಲೆನಾಡಿಗೆ ಕಲಿಸಿದವರು ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು.

ಹೀಗೆ ಬೆಳೆಯ ಬೂಷ್ಟಿನ ವಿಚಾರದಲ್ಲಿ ನಮ್ಮ ನಾಡಿಗೆ ಹಳೆಯ ತಿಳಿವಳಿಕೆ ಇತ್ತು. ಆದರೆ ಮನುಷ್ಯನ ಒಡಲನ್ನೇ ನೆಲವಾಗಿ ಮಾಡಿಕೊಂಡು ಬೆಳೆಯುವ ಬೂಷ್ಟು ಪ್ರಾಣಾಂತಕವಾದೀತೆಂದು ಇಪ್ಪತ್ತನೆಯ ಶತಮಾನದ ಕಡೆಯ ಭಾಗದವರೆಗೆ ಯಾರೂ ಅಷ್ಟಾಗಿ ಚಿಂತಿಸಿರಲಿಲ್ಲ. ಹುಳುಕಡ್ಡಿ ತುರಿಕೆಯ ಮಾತಾಗಿತ್ತು, ಸಾವಿನ ಮಾತಾಗಿರಲಿಲ್ಲ. ಅದು ಸಾವಿನ ಮಾತಾದ ಬಗೆಯನ್ನೂ, ಆ ಕಥೆಯಲ್ಲಿ ನಮ್ಮ ಬೆಂಗಳೂರಿನ ಹೊರವಲಯಕ್ಕೆ ಇರುವ ಪಾತ್ರವನ್ನೂ ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಈ ವಿಷಯ ನನ್ನನ್ನು ಏಕೆ ಹಿಡಿದುಕೊಂಡಿತೆಂಬುದನ್ನು ಮುಂದೆ ಹೇಳುತ್ತೇನೆ.

1981ರ ಜೂನ್ 5ರಂದು ಅಮೆರಿಕದ ರೋಗನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಒಂದು ಚಿಕ್ಕ ವರದಿ ಪ್ರಕಟವಾಯಿತು. ಲಾಸ್ ಏಂಜಲೀಸ್ ನಗರದ ಐವರು ಯುವಕರಿಗೆ ನ್ಯುಮೋಸಿಸ್ಟಿಸ್ ಎಂಬ ಅಪರೂಪದ ಜೀವಿಯಿಂದ ಶ್ವಾಸಕೋಶದ ಉರಿಯೂತ ಉಂಟಾಗಿತ್ತು. ಅವರ ಬಾಯಿಯಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರವೂ ಬೆಳೆದಿತ್ತು. ಮುಂದೆ ಏಡ್ಸ್ ಎಂದು ಹೆಸರಾದ ರೋಗದ ಮೊದಲ ಲಿಖಿತ ವರ್ತಮಾನ ಇದೇ. ಅದಕ್ಕೆ ಕಾರಣವಾದ ಎಚ್.ಐ.ವಿ. ವೈರಸ್ಸು ಕಣ್ಣಿಗೆ ಬಿದ್ದದ್ದು 1983ರಲ್ಲಿ, ಪ್ಯಾರಿಸಿನಲ್ಲಿ. ಕಳ್ಳ ಕಾಣುವುದಕ್ಕೆ ಎರಡು ವರ್ಷ ಮೊದಲೇ ಅವನು ತೆರೆದಿಟ್ಟ ಬಾಗಿಲಿನಿಂದ ನುಗ್ಗಿದವರು ಕಂಡಿದ್ದರು. ಇಲ್ಲೊಂದು ಸ್ವಾರಸ್ಯವಿದೆ. ಆ ನ್ಯುಮೋಸಿಸ್ಟಿಸ್ಸನ್ನು ಆಗ ಎಲ್ಲರೂ ಒಂದು ಬಗೆಯ ಏಕಕೋಶ ಪ್ರಾಣಿಯೆಂದೇ ಎಣಿಸಿದ್ದರು. 1988ರಲ್ಲಿ ಅದರ ಆನುವಂಶಿಕ ದ್ರವ್ಯವನ್ನು ಪರೀಕ್ಷಿಸಿದಾಗ ಅದು ಶಿಲೀಂಧ್ರವೆಂದು ತಿಳಿಯಿತು. ಇತ್ತ ನಮ್ಮ ಅಡಕೆಯ ಕೊಳೆರೋಗದ ಜೀವಿಯನ್ನು ಇಂದಿನ ವಿಜ್ಞಾನಿಗಳು ಶಿಲೀಂಧ್ರಗಳ ಕುಲದಿಂದ ಹೊರಗಿಟ್ಟಿದ್ದಾರೆ. ಒಬ್ಬರು ಮನೆಯಿಂದ ಹೊರಟರು, ಇನ್ನೊಬ್ಬರು ಮನೆಗೆ ಬಂದರು. ಅಂದಮೇಲೆ ಏಡ್ಸ್ ರೋಗದ ಮೊದಲ ಸುದ್ದಿಯೇ ಶಿಲೀಂಧ್ರದ ಸುದ್ದಿಯಾಗಿತ್ತೆಂದು ಹೇಳಿದರೆ ತಪ್ಪಾಗಲಾರದು.

ಇದರ ಮರ್ಮ ತಿಳಿಯುವುದು ಕಷ್ಟವೇನಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಬೂಷ್ಟಿನ ಬೀಜಕಣಗಳು ಸದಾ ತೇಲುತ್ತಿರುತ್ತವೆ. ಕ್ಯಾಂಡಿಡಾ ಆರೋಗ್ಯವಂತರ ಬಾಯಲ್ಲೂ ಕರುಳಲ್ಲೂ ಬಾಡಿಗೆದಾರನಂತೆ ತಣ್ಣಗೆ ವಾಸವಾಗಿರುತ್ತದೆ. ಇವನ್ನು ಅಂಕೆಯಲ್ಲಿಡುವುದು ನಮ್ಮ ರಕ್ತದ ಬಿಳಿಯ ಕಣಗಳು, ಅವುಗಳಲ್ಲಿಯೂ ಸಿ.ಡಿ.4 ಎಂಬ ಗುರುತುಳ್ಳವು ಸೇನಾಪತಿಗಳಿದ್ದಂತೆ. ಆರೋಗ್ಯವಂತನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಅವು 500ಕ್ಕೆ ಮೇಲ್ಪಟ್ಟು ಇರುತ್ತವೆ. ಎಚ್.ಐ.ವಿ. ಕೊಲ್ಲುವುದು ಈ ಸೇನಾಪತಿಗಳನ್ನೇ. ಎಣಿಕೆ 200ಕ್ಕಿಂತ ಕೆಳಗಿಳಿದಾಗ ನ್ಯುಮೋಸಿಸ್ಟಿಸ್ ಶ್ವಾಸಕೋಶಕ್ಕೆ ನುಗ್ಗುತ್ತದೆ. 100ಕ್ಕಿಂತ ಕೆಳಗಾದಾಗ ಕ್ರಿಪ್ಟೊಕಾಕಸ್ ಮಿದುಳಿನ ಪೊರೆಗೆ ಲಗ್ಗೆ ಹಾಕುವ ಭಯ ಹೆಚ್ಚು. ಈ ಕ್ರಿಪ್ಟೊಕಾಕಸ್ಸಿನ ನೆಲೆ ಪಾರಿವಾಳದ ಹಿಕ್ಕೆ, ಮಣ್ಣು, ಕೊಳೆತ ಮರ. ಅದರ ಕಣಗಳು ನಮ್ಮೆಲ್ಲರ ಶ್ವಾಸಕ್ಕೂ ಬರುತ್ತವೆ. ರೋಗ ಹುಟ್ಟುವುದು ಪಾರಿವಾಳದ ತಪ್ಪಿನಿಂದಲ್ಲ, ಕೋಟೆಯ ಗೋಡೆ ಬಿದ್ದದ್ದರಿಂದ.

ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರು ಸಂಗ್ರಹಿಸಿದ ರಕ್ತದ ಮಾದರಿಗಳು ವೆಲ್ಲೂರಿನಲ್ಲಿ ಪರೀಕ್ಷೆಗೊಂಡು ಸಂಗತಿ ಬಯಲಾಯಿತು. ಬೆಂಗಳೂರಿಗೆ ಅದು ಬರುವುದು ತಡವಾಗಲಿಲ್ಲ.

ಆ ಕಾಲದ ಬೆಂಗಳೂರನ್ನು ನೆನೆಯಿರಿ. 1978ರಲ್ಲಿ ಆರ್.ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ತುಮಕೂರು ರಸ್ತೆಯ ಪೀಣ್ಯದಲ್ಲಿ ಲೇತುಗಳ ಸದ್ದು ಹಗಲಿರುಳೂ ಕೇಳತೊಡಗಿತು. ಡಿ.ಎಸ್. ವೈಟ್ ಎಂಬವರ ಹೆಸರಿನಲ್ಲಿ ಆಂಗ್ಲೋ-ಇಂಡಿಯನ್ನರಿಗಾಗಿ 1882ರಲ್ಲಿ ಏರ್ಪಟ್ಟ ವೈಟ್‌ಫೀಲ್ಡ್ ಆಗಿನ್ನೂ ಹೆಂಚಿನ ಮನೆಗಳ ಶಾಂತ ವಸತಿ. ಅದರ ಸುತ್ತ ಗಾಜಿನ ಕಟ್ಟಡಗಳೆದ್ದದ್ದು 1990ರ ದಶಕದ ತರುವಾಯ. ಉತ್ತರ ಕರ್ನಾಟಕದಿಂದ, ತುಮಕೂರು ಕೋಲಾರಗಳಿಂದ, ನೆರೆಯ ರಾಜ್ಯಗಳಿಂದ ಸಾವಿರಾರು ತರುಣರು ಈ ಮೂರು ದಿಕ್ಕಿಗೂ ಬಂದರು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು, ಹತ್ತಡಿ ಕೋಣೆಯಲ್ಲಿ ಐವರಾರು ಮಂದಿ ಪಾಳಿಯ ಮೇಲೆ ಮಲಗಿ ದುಡಿದರು. ಯಂತ್ರಕ್ಕೆ ಎಣ್ಣೆ ಹಾಕುವ ವೇಳೆ ನಿಗದಿಯಾಗಿತ್ತು. ಮನುಷ್ಯನ ಒಂಟಿತನಕ್ಕೆ ಅಂಥ ಏರ್ಪಾಡಿರಲಿಲ್ಲ. ಅವರಲ್ಲಿ ಕೆಲವರಿಗೆ ಸೋಂಕು ತಗುಲಿತು. ಅವರಿಂದ ಊರಲ್ಲಿದ್ದ ನಿರಪರಾಧಿ ಹೆಂಡಿರಿಗೂ ತಗುಲಿತು. ನಿರಪರಾಧಿ ಎಂದು ಬರೆದೊಡನೆ ಉಳಿದವರು ಅಪರಾಧಿಗಳೆಂದು ಅರ್ಥವಾಗುತ್ತದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ರೋಗಕ್ಕೆ ತುತ್ತಾಗುವುದು ಅಪರಾಧವಲ್ಲ.

ಮಿದುಳಿಗೆ ಶಿಲೀಂಧ್ರವೇರಿದ ರೋಗಿಗಳು ಕಡೆಗೆ ಬಂದು ಸೇರುತ್ತಿದ್ದ ಒಂದು ಮುಖ್ಯ ತಾಣ ಹೊಸೂರು ರಸ್ತೆಯ ನಿಮ್ಹಾನ್ಸ್. ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದುಗೂಡಿ 1974ರಲ್ಲಿ ಈ ಸಂಸ್ಥೆಯಾಯಿತು. 1989ರಿಂದ 1996ರವರೆಗೆ ಅಲ್ಲಿಗೆ ಬಂದ ಎಚ್.ಐ.ವಿ. ಪೀಡಿತರ ನರರೋಗಗಳನ್ನು ಡಾ. ಸತೀಶ್ಚಂದ್ರ ಮತ್ತು ಸಂಗಡಿಗರು ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದ ಲೇಖನ ಈ ಚರಿತ್ರೆಯ ಒಂದು ಮುಖ್ಯ ದಾಖಲೆ. ಕ್ರಿಪ್ಟೊಕಾಕಸ್ಸಿನ ಮಿದುಳುಪೊರೆಯ ಉರಿಯೂತವೂ ಕ್ಷಯವೂ ಅಲ್ಲಿ ಪ್ರಮುಖವಾಗಿ ಕಂಡವು. ಶಿಲೀಂಧ್ರವನ್ನು ಕುರಿತೇ ಅಲ್ಲಿನ ಸೂಕ್ಷ್ಮಜೀವಿ ಶಾಸ್ತ್ರಜ್ಞರು 1996ರಲ್ಲಿ ಇನ್ನೊಂದು ಲೇಖನ ಬರೆದಿದ್ದರು. ತೀರಿಕೊಂಡವರ ಮಿದುಳುಗಳನ್ನು ಕುಟುಂಬದವರ ಒಪ್ಪಿಗೆಯಿಂದ ಕಾಪಿಟ್ಟು ಅಧ್ಯಯನ ಮಾಡುವ ಭಂಡಾರವನ್ನು ಡಾ. ಶಂಕರ್ ಅವರು ಅಲ್ಲಿ ಕಟ್ಟಿದರು. ಹೆಸರಿಲ್ಲದ ಎಷ್ಟೋ ಕಾರ್ಮಿಕರು ಸತ್ತ ಮೇಲೆ ಹೀಗೆ ಗುರುಗಳಾದರು.

ಈ ರೋಗವನ್ನು ಗುರುತಿಸುವ ಹಳೆಯ ವಿಧಾನ ಒಂದುಂಟು. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಅದು ಬಹಳ ಮೆಚ್ಚಿಗೆಯಾಯಿತು. ರೋಗಿಯ ಬೆನ್ನುಹುರಿಯ ಸುತ್ತಣ ದ್ರವವನ್ನು ಸೂಜಿಯಿಂದ ತೆಗೆದು, ಅದಕ್ಕೆ ಒಂದು ಹನಿ ಕಪ್ಪು ಮಸಿಯನ್ನು ಬೆರೆಸುತ್ತಾರೆ. ದೀಪದ ಕಾಡಿಗೆಯಿಂದ ಮಾಡುವ ಹಳೆಯ ಬಗೆಯ ಮಸಿ ಅದು. ಇಂಗ್ಲಿಷರು ಅದನ್ನು ಇಂಡಿಯಾದ ಮಸಿಯೆನ್ನುತ್ತಾರೆ, ಫ್ರೆಂಚರು ಚೀನಾದ ಮಸಿಯೆನ್ನುತ್ತಾರೆ. ಕ್ರಿಪ್ಟೊಕಾಕಸ್ಸಿನ ಕೋಶದ ಸುತ್ತ ಲೋಳೆಯ ಒಂದು ದಪ್ಪ ಕವಚವಿದೆ. ಅದರೊಳಕ್ಕೆ ಮಸಿಯ ಕಣ ಇಳಿಯುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕತ್ತಲೆಯ ನಡುವೆ ಬೆಳ್ಳಿಯ ಬಟ್ಟಲುಗಳಂತೆ ಅವು ಹೊಳೆಯುತ್ತವೆ. ನಮ್ಮ ಪೂರ್ವಿಕರು ಓಲೆಗರಿಯ ಮೇಲೆ ಕಂಟದಿಂದ ಕೊರೆದು ಮಸಿ ಬಳಿದಾಗ ಅಕ್ಷರ ಕಪ್ಪಾಗಿ ಎದ್ದು ಕಾಣುತ್ತಿತ್ತು. ಇಲ್ಲಿ ಮಸಿ ತಾನೇ ಹಿಂದೆ ಸರಿದು, ತಾನು ಮುಟ್ಟಲಾರದ್ದನ್ನು ತೋರಿಸಿಕೊಡುತ್ತದೆ. ಕೆಲವೇ ರೂಪಾಯಿಯ ಮಸಿ, ಒಂದು ಸೂಕ್ಷ್ಮದರ್ಶಕ, ನೋಡಬೇಕೆಂಬ ಮನಸ್ಸುಳ್ಳ ಒಬ್ಬ ವೈದ್ಯ. ಇಷ್ಟಿದ್ದರೆ ಬಹುಪಾಲು ರೋಗಿಗಳಲ್ಲಿ ರೋಗ ತಿಳಿಯುತ್ತಿತ್ತು.

ಇನ್ನು ನನ್ನ ಮಾತು. 1998ರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪೀಣ್ಯದ ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಕೆಲಸ ಮಾಡುತ್ತಿದ್ದ. ಬಿ.ಎ. ತರಗತಿಯಲ್ಲಿ ಹಳಗನ್ನಡವನ್ನು ಅವನಷ್ಟು ಸೊಗಸಾಗಿ ಓದುವವರಿರಲಿಲ್ಲ. ಎಂ.ಎ. ಮಾಡಬೇಕೆಂಬ ಆಸೆಯಿತ್ತು, ತಂದೆ ತೀರಿಕೊಂಡದ್ದರಿಂದ ಕೆಲಸಕ್ಕೆ ಸೇರಿದ. ಒಂದು ತಿಂಗಳಿನಿಂದ ತಲೆನೋವೆಂದು ಹೇಳುತ್ತಿದ್ದ. ನೆಗಡಿಯೆಂದು ಒಬ್ಬರು, ಕಣ್ಣಿನ ದೋಷವೆಂದು ಮತ್ತೊಬ್ಬರು ಔಷಧ ಕೊಟ್ಟರು. ವಾಂತಿ ಹತ್ತಿ, ಕತ್ತು ಬಗ್ಗದಂತಾಗಿ, ಎದುರಿಗಿದ್ದವರು ಇಬ್ಬರಾಗಿ ಕಾಣತೊಡಗಿದಾಗ ಒಂದು ಆಸ್ಪತ್ರೆಗೆ ಸೇರಿಸಿದರು. ರಕ್ತಪರೀಕ್ಷೆಯ ಫಲಿತಾಂಶ ಬಂದ ದಿನವೇ ಅಲ್ಲಿಂದ ಕಳುಹಿಸಿಬಿಟ್ಟರು. ಇನ್ನೊಂದು ದೊಡ್ಡ ಆಸ್ಪತ್ರೆಯಲ್ಲಿ ಅವನಿಗೆ ಹಾಸಿಗೆ ಸಿಕ್ಕಿತು.

ಸುದ್ದಿ ತಿಳಿದು ನಾನು ಹೋದೆ. ಅವನ ತಾಯಿ ತಲೆದೆಸೆಯಲ್ಲಿ ಕುಳಿತು ಅವನ ಹಣೆ ಒತ್ತುತ್ತಿದ್ದರು. "ಬನ್ನಿ ಮೇಷ್ಟ್ರೇ, ಇಲ್ಲಿ ಕೂತ್ಕೊಳ್ಳಿ" ಎಂದು ತಾವು ಕುಳಿತಿದ್ದ ಸ್ಟೂಲನ್ನು ಬಿಟ್ಟುಕೊಟ್ಟರು. ನಾನು ಕೂರಲಿಲ್ಲ. ಬಾಗಿಲ ಬಳಿಯೇ ನಿಂತು ನಾಲ್ಕು ಉಪಚಾರದ ಮಾತಾಡಿದೆ. ಮುಟ್ಟಿದರೆ, ಒಂದೇ ಸ್ಟೂಲಿನ ಮೇಲೆ ಕುಳಿತರೆ ಅದು ಹರಡುವುದಿಲ್ಲವೆಂದು ಪತ್ರಿಕೆಗಳಲ್ಲಿ ಓದಿದ್ದವನೇ ನಾನು. ಬಸವಣ್ಣನವರ ಸಮತೆಯನ್ನು ಕುರಿತು ತರಗತಿಯಲ್ಲಿ ಗಂಟೆಗಟ್ಟಲೆ ಪಾಠ ಹೇಳಿದವನೂ ನಾನೇ. ಅವನು ಕಣ್ಣು ತೆರೆದು, "ಸರ್, ದೂರ ಇದೀರಿ, ಸರಿಯಾಗಿ ಕಾಣಿಸ್ತಿಲ್ಲ" ಎಂದ. ರೋಗದಿಂದ ಅವನ ದೃಷ್ಟಿ ಮಂದವಾಗಿತ್ತು, ನಿಜ. ಆದರೂ ಆ ಮಾತು ಇಪ್ಪತ್ತೈದು ವರ್ಷಕ್ಕೂ ಮೀರಿ ನನ್ನೊಡನೆ ಬಂದಿದೆ. ಎರಡು ವಾರ ಅವನ ರಕ್ತನಾಳಕ್ಕೆ ಔಷಧ ಹನಿಸಿದರು. ಚೇತರಿಸಿಕೊಂಡು ಊರಿಗೆ ಹೋದ. ತಿಂಗಳುಗಟ್ಟಲೆ ನುಂಗಬೇಕಾಗಿದ್ದ ಮಾತ್ರೆಗಳಿಗೆ ಹಣ ಸಾಲಲಿಲ್ಲ. ತಲೆನೋವು ಮರಳಿತು. ಈ ಬಾರಿ ಅವನು ಬೆಂಗಳೂರಿಗೆ ಬರಲಿಲ್ಲ.

ಅವನಿಗೆ ಹನಿಸಿದ ಔಷಧದ ಹೆಸರು ಆಂಫೊಟೆರಿಸಿನ್. ಅದರದು ಮಣ್ಣಿನಿಂದ ಬಂದ ಕಥೆ. ಮಣ್ಣಿನಲ್ಲಿ ಶಿಲೀಂಧ್ರಕ್ಕೂ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗೂ ಪುರಾತನ ದಾಯಾದಿ ಕಲಹ. ಈ ಜೀವಿ ಶಿಲೀಂಧ್ರದ ಮೇಲೆ ಎಸೆಯುವ ವಿಷವನ್ನೇ ಮನುಷ್ಯ ಔಷಧವಾಗಿ ಪಡೆದ. 1950ರಲ್ಲಿ ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ನಿಸ್ಟಾಟಿನ್ ಎಂಬ ಔಷಧವನ್ನು ಲೋಕಕ್ಕೆ ಕೊಟ್ಟರು. ಅದೇ ದಶಕದಲ್ಲಿ ವೆನಿಜುವೆಲಾದ ಒರಿನೊಕೊ ನದಿ ಸೀಮೆಯ ಮಣ್ಣಿನಿಂದ ಆಂಫೊಟೆರಿಸಿನ್ ಬಂತು. ಜ್ವರ, ಚಳಿ, ನಡುಕ, ಮೂತ್ರಪಿಂಡಕ್ಕೆ ಹಾನಿ ಇವೆಲ್ಲ ಅದರ ಹಿಂದೆಯೇ ಬರುತ್ತವೆ. ಆದರೂ ಪ್ರಾಣವನ್ನು ಹಿಡಿದು ನಿಲ್ಲಿಸಬಲ್ಲದು.

ಈ ಕಥೆಯಲ್ಲಿ ಕನ್ನಡ ನಾಡಿನ ಹೆಸರೂ ಇದೆ. ಮೈಸೂರು ಸೀಮೆಯ ಮಂಡಯಂ ಮನೆತನದ ಎಂ.ಜೆ. ತಿರುಮಲಾಚಾರ್ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, ಮುಂದೆ ಪುಣೆಯ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯಲ್ಲಿ ಸಂಶೋಧನೆಯ ಮುಖ್ಯಸ್ಥರಾದರು. ಅಲ್ಲಿ ಅವರು ಹೇಮೈಸಿನ್ ಎಂಬ ಶಿಲೀಂಧ್ರನಾಶಕವನ್ನು ಹೊರತಂದರು. ಅದನ್ನು ಸ್ರವಿಸುವ ಜೀವಿಗೆ ಪಿಂಪ್ರಿಯ ಹೆಸರಿನಿಂದಲೇ 'ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನ' ಎಂದು ಹೆಸರಿಟ್ಟರು. ಬೆಳೆಗಳ ರೋಗಕ್ಕೆ ಆರಿಯೊಫಂಗಿನ್ ಎಂಬ ಔಷಧವನ್ನೂ ಕೊಟ್ಟರು. ಆ ಪಿಂಪ್ರಿಯ ಸಂಸ್ಥೆಯೂ ಕರ್ನಾಟಕ ಸರ್ಕಾರದ ಉದ್ಯಮ ನಿಗಮವೂ ಕೂಡಿ 1981ರಲ್ಲಿ ಕಟ್ಟಿದ ಕರ್ನಾಟಕ ಆಂಟಿಬಯಾಟಿಕ್ಸ್ ಕಾರ್ಖಾನೆ ನೆಲೆಗೊಂಡಿರುವುದು ನಮ್ಮ ಪೀಣ್ಯದಲ್ಲಿಯೇ. ಇತ್ತ ಹೊಸೂರು ರಸ್ತೆಯಲ್ಲಿ, 1978ರಲ್ಲಿ ಕಿಣ್ವಗಳ ತಯಾರಿಕೆಯಿಂದ ಮೊದಲಾದ ಬಯೋಕಾನ್ ಸಂಸ್ಥೆ ಶಿಲೀಂಧ್ರಗಳನ್ನೇ ದುಡಿಮೆಗೆ ಹಚ್ಚಿ ಔಷಧಗಳನ್ನು ತಯಾರಿಸಿತು. ಒಂದೇ ಹೊರವಲಯದಲ್ಲಿ ಬೂಷ್ಟು ಒಂದೆಡೆ ಕೂಲಿಯಾಳು, ಇನ್ನೊಂದೆಡೆ ಕೊಲೆಗಾರ.

ಹಾಗಾದರೆ ನನ್ನ ವಿದ್ಯಾರ್ಥಿಗೆ ಮಾತ್ರೆ ದೊರೆಯದೆ ಹೋದದ್ದೇಕೆ? ಫ್ಲುಕೊನಜೋಲ್ ಎಂಬ ಆ ಮಾತ್ರೆ ಇಂಗ್ಲೆಂಡಿನಲ್ಲಿ ಒಂದು ಅಮೆರಿಕನ್ ಕಂಪನಿಯ ಪ್ರಯೋಗಶಾಲೆಯಲ್ಲಿ ಹುಟ್ಟಿ, 1990ರ ವೇಳೆಗೆ ಪೇಟೆಗೆ ಬಂದಿತ್ತು. ಔಷಧದ ವಸ್ತುವಿಗಲ್ಲದೆ ತಯಾರಿಕೆಯ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿದ್ದ 1970ರ ನಮ್ಮ ಕಾಯಿದೆಯ ನೆರಳಿನಲ್ಲಿ ಭಾರತೀಯ ಕಂಪನಿಗಳು ಅದನ್ನು ಅಗ್ಗವಾಗಿ ತಯಾರಿಸುತ್ತಿದ್ದವು. ದಕ್ಷಿಣ ಆಫ್ರಿಕದಲ್ಲಿ 2000ದಲ್ಲಿ ರೋಗಿಗಳೇ ಚಳವಳಿ ಹೂಡಿ, ಇದೇ ಮಾತ್ರೆಯ ಅಗ್ಗದ ರೂಪವನ್ನು ಥಾಯ್ಲೆಂಡಿನಿಂದ ಬಹಿರಂಗವಾಗಿ ತಂದು ಕಾನೂನು ಮುರಿದರು. ಆ ಅಗ್ಗದ ಮಾತ್ರೆಯೂ ದಿನಗೂಲಿಯವನ ಕೈಗೆ ಎಟುಕದಿದ್ದದ್ದು ನಮ್ಮ ದುರ್ದೈವ. ಅದಕ್ಕಿಂತ ಮಿಗಿಲಾಗಿ, ಬಿದ್ದ ಕೋಟೆಯನ್ನು ಮತ್ತೆ ಕಟ್ಟುವ ಎಚ್.ಐ.ವಿ. ನಿರೋಧಕ ಔಷಧಗಳಿಗೆ ಆಗ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೇಲ್ಪಟ್ಟ ಬೆಲೆ. 2001ರಲ್ಲಿ ಮುಂಬಯಿಯ ಸಿಪ್ಲಾ ಅದನ್ನು ಸೇವಾಸಂಸ್ಥೆಗೆ ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ಘೋಷಿಸಿದಾಗ ಜಗತ್ತು ಬೆರಗಾಯಿತು. 2004ರ ಏಪ್ರಿಲ್ 1ರಂದು ಭಾರತ ಸರ್ಕಾರ ಈ ಔಷಧಗಳನ್ನು ಉಚಿತವಾಗಿ ಕೊಡಲಾರಂಭಿಸಿತು. ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾದ್ದರಿಂದ ನಮಗೆ ಮೊದಲ ಸರದಿಯಲ್ಲೇ ಅದು ದೊರೆಯಿತು. ಅದಕ್ಕೆ ಮುನ್ನ, ಯಾರೂ ಒಳಗೆ ಕರೆಯದಿದ್ದ ದಿನಗಳಲ್ಲಿ, ಸರ್ಜಾಪುರ ರಸ್ತೆಯ ಸ್ನೇಹದಾನದಂಥ ಕೆಲವು ಆಶ್ರಯಗಳು ಈ ರೋಗಿಗಳಿಗೆ ಹಾಸಿಗೆಯನ್ನೂ ಕೈತುತ್ತನ್ನೂ ಕೊಟ್ಟವೆಂಬುದನ್ನು ಚರಿತ್ರೆ ಮರೆಯಬಾರದು.

2021ರ ಮೇ ತಿಂಗಳನ್ನು ನೀವು ಮರೆತಿರಲಾರಿರಿ. ಕೋವಿಡ್ಡಿನ ಬೆನ್ನಿಗೆ 'ಕಪ್ಪು ಶಿಲೀಂಧ್ರ' ಬಂತು. ಬೌರಿಂಗ್ ಆಸ್ಪತ್ರೆಯನ್ನು ಅದರ ಚಿಕಿತ್ಸೆಗೆಂದು ಗೊತ್ತುಮಾಡಿದರು. ಆಂಫೊಟೆರಿಸಿನ್ನಿಗಾಗಿ ಉಳ್ಳವರೂ ಊರೂರು ಅಲೆದರು. ಮಕ್ಕಳಿಗೂ ಗೊತ್ತಾದ ಆ ಔಷಧದ ಹೆಸರು, ಎಚ್.ಐ.ವಿ. ಪೀಡಿತರ ಮನೆಗಳಿಗೆ ಮೂವತ್ತು ವರ್ಷಗಳಿಂದ ಪರಿಚಿತ. ಅವರು ಅಲೆದದ್ದು ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಏಕೆಂದರೆ ಅವರು ಹೆಸರು ಮರೆಸಿಕೊಂಡು ಅಲೆದರು.

ಇಂದು ತಿಳಿವಳಿಕೆ ಬಹಳ ಮುಂದುವರಿದಿದೆ. ಒಂದು ಹನಿ ರಕ್ತದಲ್ಲಿ ಹತ್ತು ನಿಮಿಷದೊಳಗೆ ಕ್ರಿಪ್ಟೊಕಾಕಸ್ಸಿನ ಗುರುತನ್ನು ತೋರಿಸುವ ಪಟ್ಟಿ ಬಂದಿದೆ. ತಲೆನೋವು ಕಾಣಿಸುವ ವಾರಗಳ ಮೊದಲೇ ಅದು ಎಚ್ಚರಿಸಬಲ್ಲದು. ಆಫ್ರಿಕದ ಐದು ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಸುಧಾರಿತ ಆಂಫೊಟೆರಿಸಿನ್ನಿನ ಒಂದೇ ಒಂದು ದೊಡ್ಡ ಪ್ರಮಾಣದ ಜೊತೆಗೆ ಎರಡು ವಾರ ಮಾತ್ರೆಗಳನ್ನು ಕೊಟ್ಟರೆ ಹಳೆಯ ದೀರ್ಘ ಚಿಕಿತ್ಸೆಯಷ್ಟೇ ಫಲವೆಂದು ಸಿದ್ಧವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಅದನ್ನು ಒಪ್ಪಿತು. ನಮ್ಮ ದೇಶದಲ್ಲಿ 2017ರಲ್ಲಿ ರಚಿತವಾಗಿ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಕಾಯಿದೆಯ ಪ್ರಕಾರ ಎಚ್.ಐ.ವಿ. ಇದೆಯೆಂದು ಕೆಲಸದಿಂದಾಗಲಿ, ಬಾಡಿಗೆ ಮನೆಯಿಂದಾಗಲಿ, ಆಸ್ಪತ್ರೆಯಿಂದಾಗಲಿ ಹೊರಗಟ್ಟುವುದು ನಿಷಿದ್ಧ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದೂ ನಿಷಿದ್ಧ.

ಇಷ್ಟಾದರೂ 2020ನೆಯ ವರ್ಷವೊಂದರಲ್ಲೇ ಜಗತ್ತಿನಲ್ಲಿ ಸುಮಾರು 1,12,000 ಮಂದಿ ಈ ಒಂದು ಶಿಲೀಂಧ್ರದಿಂದ ಮಡಿದರೆಂದು ತಜ್ಞರ ಅಂದಾಜು. ಏಡ್ಸ್ ಸಾವುಗಳಲ್ಲಿ ಇದು ಹೆಚ್ಚುಕಡಿಮೆ ಐದರಲ್ಲೊಂದು ಪಾಲು. ಬಹುತೇಕರು ಸತ್ತದ್ದು ತಡವಾಗಿ ಬಂದುದರಿಂದ. ತಡವೇಕಾಯಿತು? ಪರೀಕ್ಷೆಗೆ ಹೋದರೆ ನೆರೆಯವರಿಗೆ ತಿಳಿದೀತೆಂದು, ಕೆಲಸ ಹೋದೀತೆಂದು, ಮನೆಯವರು ದೂರ ನಿಂತಾರೆಂದು. ನಾಲಿಗೆಯ ಮೇಲೆ ಮೊಸರಿನ ಕೆನೆಯಂಥ ಬಿಳಿಯ ಪದರ ಕಂಡು, ಅದನ್ನು ಕೆರೆದು ಹಾಕಿ ಸುಮ್ಮನಾಗುವವನು ಶಿಲೀಂಧ್ರಕ್ಕೆ ಹೆದರಿದವನಲ್ಲ, ನಮಗೆ ಹೆದರಿದವನು.

ವೈಟ್‌ಫೀಲ್ಡಿನ ಗಾಜಿನ ಗೋಡೆಯೊಳಗೆ, ಎಲೆಕ್ಟ್ರಾನಿಕ್ ಸಿಟಿಯ ಸೇತುವೆಯ ಕೆಳಗೆ, ಪೀಣ್ಯದ ತಗಡಿನ ಷೆಡ್ಡಿನಲ್ಲಿ ಇಂದೂ ಊರು ಬಿಟ್ಟುಬಂದ ತರುಣ ತರುಣಿಯರು ದುಡಿಯುತ್ತಿದ್ದಾರೆ. ಅವರಲ್ಲೊಬ್ಬರು ನಮ್ಮ ಬಾಡಿಗೆಮನೆಯಲ್ಲಿರಬಹುದು, ನಮ್ಮ ಶಿಷ್ಯರಾಗಿರಬಹುದು. ಇಂದು ಬೇಗ ತಿಳಿದರೆ ಅವರು ಔಷಧ ನುಂಗುತ್ತ ನಮ್ಮಷ್ಟೇ ಕಾಲ ಬಾಳಬಲ್ಲರು. ಮದುವೆಯಾಗಿ, ಸೋಂಕಿಲ್ಲದ ಮಕ್ಕಳನ್ನು ಹೆತ್ತು ಸಾಕಬಲ್ಲರು. ಅವರಿಗೆ ತಲೆನೋವೆಂದಾಗ ನಾವು ಬಾಗಿಲಲ್ಲಿ ನಿಲ್ಲದೆ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂರಬೇಕು. ಈ ಮಾತನ್ನು ಹೇಳುವ ಯೋಗ್ಯತೆ ನನಗೆಷ್ಟಿದೆಯೋ ಅರಿಯೆ. ಆದರೆ ಕೂರದೆ ಹಿಂದಿರುಗಿದವನಿಗೆ ಅದು ಎಷ್ಟು ಭಾರವೆಂಬುದು ಮಾತ್ರ ಚೆನ್ನಾಗಿ ಗೊತ್ತು.